ಸೈಕಲ್ ಸ್ಟಾರ್ಟ್‌ನಿಂದ ಮುಂದಕ್ಕೆ: ಸಿಎನ್‌ಸಿ ಆಪರೇಟರ್ ಮೇಲೇರುವ ಬಗೆ

ಪೀಣ್ಯದ ಯಾವುದೇ ಮಷಿನ್ ಶಾಪ್‌ಗೆ ಹೋದರೂ ಎರಡು ಬಗೆಯ ಆಪರೇಟರ್‌ಗಳು ಸಿಗುತ್ತಾರೆ. ಒಬ್ಬ ಪೀಸ್ ಹಾಕುತ್ತಾನೆ, ಬಾಗಿಲು ಮುಚ್ಚುತ್ತಾನೆ, ಸೈಕಲ್ ಸ್ಟಾರ್ಟ್ ಎಂಬ ಹಸಿರು ಬಟನ್ ಒತ್ತುತ್ತಾನೆ. ಐದು ವರ್ಷ ಕಳೆದರೂ ಅಷ್ಟೇ. ಇನ್ನೊಬ್ಬ ಅದೇ ಮಷಿನ್‌ನಲ್ಲಿ ನಿಂತಿರುತ್ತಾನೆ, ಆದರೆ ಸೈಜ್ ತಪ್ಪಿದಾಗ ಸೂಪರ್‌ವೈಸರ್ ಹುಡುಕಿಕೊಂಡು ಬರುವುದು ಅವನನ್ನು. ಇಬ್ಬರ ನಡುವಿನ ವ್ಯತ್ಯಾಸ ಡಿಗ್ರಿಯದ್ದಲ್ಲ, ವರ್ಷಗಳದ್ದೂ ಅಲ್ಲ. ಎರಡನೆಯವನು ತನ್ನ ಒಂದು ಪೀಸ್ ಅನ್ನು ಪೂರ್ತಿ ಅರಿತಿದ್ದಾನೆ, ಅರಿತದ್ದನ್ನು ಅಂಕಿಯಲ್ಲಿ ಹೇಳಬಲ್ಲ. ಹಾಗೆ ಆಗುವುದಕ್ಕೆ ಬೇಕಾದದ್ದು ಒಂದು ನೋಟ್‌ಬುಕ್, ಮೊಬೈಲ್‌ನ ಸ್ಟಾಪ್‌ವಾಚ್, ಕ್ಯಾಲ್ಕ್ಯುಲೇಟರ್, ಜೊತೆಗೆ ಸುಮಾರು ಮೂರು ತಿಂಗಳ ತಾಳ್ಮೆ.

ಇಲ್ಲಿ ಹೇಳುವುದೆಲ್ಲ ಟರ್ನಿಂಗ್ ಸೆಂಟರ್ ಅಂದರೆ ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಲೇತ್ ಲೆಕ್ಕದಲ್ಲಿದೆ. ಮಿಲ್ಲಿಂಗ್‌ನವರಿಗೂ ದಾರಿ ಇದೇ, ಅಂಕಿಗಳು ಬೇರೆ.

ಮೊದಲು ಡ್ರಾಯಿಂಗ್

ನಿಮ್ಮ ಮಷಿನ್‌ನಲ್ಲಿ ಹೆಚ್ಚು ದಿನ ಓಡುವ ಒಂದು ಪೀಸ್ ಆರಿಸಿಕೊಳ್ಳಿ. ಉದಾಹರಣೆಗೆ ಇಎನ್8 ಸ್ಟೀಲಿನ ಒಂದು ಬುಶ್ ಎಂದಿಟ್ಟುಕೊಳ್ಳೋಣ: ಹೊರವ್ಯಾಸ 50, ಮೊದಲ ಸೆಟಪ್‌ನಲ್ಲಿ 60 ಮಿ.ಮೀ. ಉದ್ದ ಟರ್ನಿಂಗ್, ಒಳಗೆ 25 ಎಚ್7 ಬೋರ್ (ಒಳತೂತು), ಹೊರಮೈ ಫಿನಿಶ್ ಆರ್‌ಎ (ಮೈಯ ಒರಟುತನದ ಅಳತೆ, ಮೈಕ್ರಾನ್‌ನಲ್ಲಿ) 1.6.

25 ಎಚ್7 ಅಂದರೆ 25.000ರಿಂದ 25.021ರವರೆಗೆ. 21 ಮೈಕ್ರಾನ್ ಜಾಗ (ಒಂದು ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದಲ್ಲೊಂದು ಭಾಗ). ಇದರೊಳಗೆ ಕೂರುವ ಶಾಫ್ಟ್ ಎಚ್6 ಆಗಿದ್ದರೆ (ಶಾಫ್ಟಿನದ್ದು ಸಣ್ಣ ಅಕ್ಷರದ ಎಚ್) 25.000ರಿಂದ 24.987ರವರೆಗೆ. ಇವೆರಡೂ ಸೇರಿದರೆ ಕೈಯಲ್ಲಿ ತಳ್ಳಿದರೆ ಜಾರುವ, ಆದರೆ ಅಲ್ಲಾಡದ ಫಿಟ್. ಪೀಸ್ ಎಲ್ಲಿಗೆ ಹೋಗುತ್ತದೆ ಎಂದು ತಿಳಿಯದಿದ್ದರೆ ಆ 21 ಮೈಕ್ರಾನ್ ಬರೀ ಕಿರಿಕಿರಿ. ತಿಳಿದರೆ ಯಾವ ಕಡೆಗೆ ತಪ್ಪಿದರೆ ಅನಾಹುತ ಎಂಬುದು ಗೊತ್ತಾಗುತ್ತದೆ. ಲಿಮಿಟ್ ಮತ್ತು ಫಿಟ್‌ಗಳ ಭಾರತೀಯ ಮಾನಕ ಐಎಸ್ 919. ಭಾರತೀಯ ಮಾನಕ ಬ್ಯೂರೋ (ಬಿಐಎಸ್) ತನ್ನ ಜಾಲತಾಣದಲ್ಲಿ ಮಾನಕಗಳನ್ನು ಉಚಿತವಾಗಿ ಓದಲು ಕೊಡುತ್ತದೆ. 18ರಿಂದ 50 ಮಿ.ಮೀ.ವರೆಗಿನ ಎಚ್7, ಎಚ್6 ಅಂಕಿಗಳನ್ನು ಬರೆದು ಟೂಲ್ ಟ್ರಾಲಿಯ ಮೇಲೆ ಅಂಟಿಸಿಕೊಳ್ಳಿ. ದಿನಕ್ಕೆ ಹತ್ತು ಸಲ ಕಣ್ಣಿಗೆ ಬಿದ್ದರೆ ಬಾಯಿಪಾಠ ತಾನಾಗಿ ಆಗುತ್ತದೆ.

ಡ್ರಾಯಿಂಗ್‌ನಲ್ಲಿ ಸಾಮಾನ್ಯವಾಗಿ ಯಾರೂ ಓದದ ಜಾಗ ಕೆಳಗಿನ ಟೈಟಲ್ ಬ್ಲಾಕ್. ಮೆಟೀರಿಯಲ್, ಹೀಟ್ ಟ್ರೀಟ್‌ಮೆಂಟ್, ಲಿಮಿಟ್ ಬರೆಯದ ಅಳತೆಗಳ ಟಾಲರೆನ್ಸ್, ರಿವಿಷನ್ ನಂಬರ್ ಎಲ್ಲವೂ ಅಲ್ಲೇ. ಹಳೆಯ ರಿವಿಷನ್ ಇಟ್ಟುಕೊಂಡು ಇಡೀ ಲಾಟ್ ಓಡಿಸಿ ಸ್ಕ್ರ್ಯಾಪ್ ಮಾಡಿದ ಪ್ರಸಂಗ ಪ್ರತಿ ಶಾಪ್‌ನಲ್ಲೂ ಒಂದಾದರೂ ಇರುತ್ತದೆ.

ಇನ್ಸರ್ಟ್ ಡಬ್ಬಿಯೇ ಪಾಠಪುಸ್ತಕ

ಟೂಲ್ ತುದಿಗೆ ಕೂರಿಸುವ, ಸವೆದಾಗ ಬದಲಿಸುವ ಕತ್ತರಿಸುವ ಚೂರೇ ಇನ್ಸರ್ಟ್. ಅದರ ಖಾಲಿ ಡಬ್ಬಿಯನ್ನು ಬಿಸಾಡುವ ಮೊದಲು ಓದಿ. ಸಿಎನ್‌ಎಂಜಿ 120408 ಎಂಬ ಹೆಸರಿನಲ್ಲಿ ಸಿ ಅಂದರೆ 80 ಡಿಗ್ರಿಯ ರಾಂಬಸ್ ಆಕಾರ, ಎನ್ ಅಂದರೆ ಕ್ಲಿಯರೆನ್ಸ್ ಕೋನ ಸೊನ್ನೆ, ಎಂ ಟಾಲರೆನ್ಸ್ ದರ್ಜೆ, ಜಿ ಅಂದರೆ ಮಧ್ಯೆ ತೂತು ಮತ್ತು ಎರಡೂ ಬದಿಗೆ ಚಿಪ್ ಬ್ರೇಕರ್. 12 ಅಂಚಿನ ಉದ್ದ, 04 ದಪ್ಪ (ನಿಜಕ್ಕೆ 4.76 ಮಿ.ಮೀ.), 08 ಅಂದರೆ ನೋಸ್ ರೇಡಿಯಸ್ 0.8 ಮಿ.ಮೀ. ಲೇಬಲ್ ಮೇಲಿನ ಬಣ್ಣಕ್ಕೂ ಅರ್ಥ ಇದೆ: ನೀಲಿ ಸ್ಟೀಲ್‌ಗೆ, ಹಳದಿ ಸ್ಟೇನ್‌ಲೆಸ್‌ಗೆ, ಕೆಂಪು ಕಾಸ್ಟ್ ಐರನ್‌ಗೆ, ಹಸಿರು ಅಲ್ಯೂಮಿನಿಯಂ ಥರದವಕ್ಕೆ. ಪಕ್ಕದಲ್ಲೇ ಸ್ಪೀಡ್, ಫೀಡ್, ಕಟ್ಟಿನ ಆಳ ಎಷ್ಟರಿಂದ ಎಷ್ಟು ಎಂದು ಅಚ್ಚಾಗಿರುತ್ತದೆ. ನಿಮ್ಮ ಪ್ರೋಗ್ರಾಂನಲ್ಲಿರುವ ಅಂಕಿ ಆ ಗೆರೆಯೊಳಗೆ ಎಲ್ಲಿ ಕೂರುತ್ತದೆ ನೋಡಿ. ಎಷ್ಟೋ ಸಲ ಯಾವುದೋ ಹಳೆಯ ಇನ್ಸರ್ಟ್‌ಗೆ ಹಾಕಿದ್ದ ಫೀಡ್ ಹಾಗೇ ಓಡುತ್ತಿರುತ್ತದೆ.

ಎರಡು ಲೆಕ್ಕ ಕಲಿತರೆ ಸಾಕು. ಒಂದು ಆರ್‌ಪಿಎಂ: ಕಟಿಂಗ್ ಸ್ಪೀಡನ್ನು 1000ದಿಂದ ಗುಣಿಸಿ, 3.14 ಮತ್ತು ವ್ಯಾಸದ ಗುಣಲಬ್ಧದಿಂದ ಭಾಗಿಸಿ. ನಿಮಿಷಕ್ಕೆ 220 ಮೀಟರ್ ಸ್ಪೀಡ್, 50 ವ್ಯಾಸ ಅಂದರೆ ಸುಮಾರು 1400 ಆರ್‌ಪಿಎಂ. ಎರಡು ಫಿನಿಶ್: ಫೀಡಿನ (ಒಂದು ಸುತ್ತಿಗೆ ಟೂಲ್ ಮುಂದೆ ಸಾಗುವ ಮಿ.ಮೀ.) ವರ್ಗವನ್ನು ನೋಸ್ ರೇಡಿಯಸ್‌ನ 32 ಪಟ್ಟಿನಿಂದ ಭಾಗಿಸಿ, 1000ದಿಂದ ಗುಣಿಸಿದರೆ ಅಂದಾಜು ಆರ್‌ಎ ಮೈಕ್ರಾನ್‌ನಲ್ಲಿ ಬರುತ್ತದೆ. 0.2 ಫೀಡ್, 0.8 ರೇಡಿಯಸ್‌ಗೆ ಸುಮಾರು 1.56. ಅದೇ ಫೀಡಿಗೆ 0.4 ರೇಡಿಯಸ್ ಹಾಕಿದರೆ 3.1ಕ್ಕೆ ಏರುತ್ತದೆ. ಇದು ಕಾಗದದ ಮೇಲಿನ ಲೆಕ್ಕ. ಮಷಿನ್ ಮೇಲೆ ಇದಕ್ಕಿಂತ ಒರಟಾಗಿಯೇ ಬರುತ್ತದೆ. ಹಾಗಾಗಿ ಆರ್‌ಎ 1.6 ಬೇಕಿದ್ದರೆ 0.8 ರೇಡಿಯಸ್‌ನಲ್ಲಿ 0.15 ಫೀಡ್ ಇಟ್ಟುಕೊಂಡು ಶುರು ಮಾಡುವುದು ಕ್ಷೇಮ. ಸ್ಟೋರ್‌ನಲ್ಲಿ 08 ಮುಗಿದು 04 ಕೊಟ್ಟ ದಿನ ಫಿನಿಶ್ ಏಕೆ ಕೆಟ್ಟಿತು ಎಂಬುದಕ್ಕೆ ಉತ್ತರವೂ ಇದರಲ್ಲೇ ಇದೆ.

ಸವೆದ ಇನ್ಸರ್ಟ್ ಇನ್ನೂ ಒಳ್ಳೆಯ ಮೇಷ್ಟ್ರು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಲೂಪ್ ಕೊಂಡುಕೊಳ್ಳಿ. ಪಕ್ಕೆಯಲ್ಲಿ ಸಮನಾಗಿ ಸವೆದಿದ್ದರೆ ಅದು ಆರೋಗ್ಯದ ಸಾವು, ಸವೆತ 0.3 ಮಿ.ಮೀ. ಮುಟ್ಟಿದರೆ ಅಂಚು ತಿರುಗಿಸಿ. ಮೇಲ್ಮೈಯಲ್ಲಿ ಗುಳಿ ಬಿದ್ದಿದ್ದರೆ ಶಾಖ ಹೆಚ್ಚಾಗಿದೆ, ಸ್ಪೀಡ್ ಇಳಿಸಿ. ಅಂಚಿಗೆ ಜಾಬ್‌ನ ಲೋಹವೇ ಮೆತ್ತಿಕೊಂಡಿದ್ದರೆ ಸ್ಪೀಡ್ ಸಾಲದು, ಏರಿಸಿ. ಸ್ಟೇನ್‌ಲೆಸ್ ಮತ್ತು ಅಲ್ಯೂಮಿನಿಯಂನಲ್ಲಿ ಇದು ನಿತ್ಯದ ಗೋಳು. ಅಂಚು ಚೂರು ಚೂರಾಗಿ ಒಡೆದಿದ್ದರೆ ಟೂಲ್ ಸಡಿಲ, ಬೋರಿಂಗ್ ಬಾರ್ ಅತಿ ಉದ್ದ ಅಥವಾ ಜಾಬ್ ಹಿಡಿತ ಕಡಿಮೆ. ಅಂಚಿಗೆ ಅಡ್ಡಲಾಗಿ ಬಾಚಣಿಗೆ ಹಲ್ಲಿನಂತೆ ಬಿರುಕುಗಳಿದ್ದರೆ ಕೂಲಂಟ್ ಬಿಟ್ಟು ಬಿಟ್ಟು ಬೀಳುತ್ತಿದೆ. ಒಂದೋ ಸರಿಯಾಗಿ ಧಾರೆ ಬಿಡಿ, ಇಲ್ಲವೇ ಪೂರ್ತಿ ನಿಲ್ಲಿಸಿ.

‘ಸ್ಪೀಡ್ ಏರಿಸಿದರೆ ಪೀಸ್ ಬೇಗ ಬರುತ್ತದೆ’ ಎಂಬುದು ಶಾಪ್‌ಗಳ ಅತ್ಯಂತ ದುಬಾರಿ ನಂಬಿಕೆ. ಟೂಲ್ ಆಯಸ್ಸಿಗೂ ಸ್ಪೀಡಿಗೂ ಇರುವ ನಂಟನ್ನು ಫ್ರೆಡರಿಕ್ ಟೇಲರ್ 1907ರಲ್ಲೇ ಪ್ರಕಟಿಸಿದ್ದ. ಕಾರ್ಬೈಡ್‌ಗೆ ಆ ಲೆಕ್ಕ ಹಾಕಿದರೆ ಸ್ಪೀಡ್ 20 ಪ್ರತಿಶತ ಏರಿಸಿದಾಗ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಫೀಡ್‌ನ ಏಟು ಅಷ್ಟು ಜೋರಲ್ಲ, ಕಟ್ಟಿನ ಆಳದ್ದು ಇನ್ನೂ ಕಡಿಮೆ. ಆದ್ದರಿಂದ ರಫಿಂಗ್‌ನಲ್ಲಿ ಮೊದಲು ಆಳ, ಆಮೇಲೆ ಫೀಡ್, ಕೊನೆಗೆ ಸ್ಪೀಡ್. ಈ ಕ್ರಮ ಹೇಳಬಲ್ಲವನನ್ನು ಕೆಲಸಕ್ಕೆ ತೆಗೆದುಕೊಳ್ಳುವ ಮೊದಲಿನ ಟ್ರೇಡ್ ಟೆಸ್ಟ್‌ನಲ್ಲಿ ಅರ್ಧ ಗಂಟೆ ಕೂರಿಸಿ ಮಾತಾಡಿಸುತ್ತಾರೆ.

ಸೈಜ್ ಏಕೆ ಓಡುತ್ತದೆ

ಬೆಳಗ್ಗೆ ಮೊದಲ ಪೀಸ್ ಸರಿ ಇತ್ತು, ಒಂಬತ್ತೂವರೆಗೆ ಐದು ಮೈಕ್ರಾನ್ ಜರುಗಿತು, ಟೀ ಮುಗಿಸಿ ಬಂದರೆ ಮತ್ತೆ ಹಿಂದಕ್ಕೆ. ಸ್ಪಿಂಡಲ್ ಮತ್ತು ಬಾಲ್ ಸ್ಕ್ರೂ ಬಿಸಿಯಾಗಿ ಹಿಗ್ಗುವುದು, ನಿಂತಾಗ ತಣಿಯುವುದು ಇದಕ್ಕೆ ಕಾರಣ. ಪೀಸ್ ಹಾಕುವ ಮೊದಲು 15–20 ನಿಮಿಷ ಸ್ಪಿಂಡಲ್ ಮತ್ತು ಎರಡೂ ಆಕ್ಸಿಸ್ ಖಾಲಿ ಓಡಿಸಿ. ನೋಟ್‌ಬುಕ್‌ನಲ್ಲಿ ನಾಲ್ಕು ಕಾಲಂ ಹಾಕಿ: ಗಂಟೆ, ಪೀಸ್ ನಂಬರ್, ಬೋರ್ ಅಳತೆ, ಕೊಟ್ಟ ಆಫ್‌ಸೆಟ್ (ಟೂಲ್ ಸ್ಥಾನಕ್ಕೆ ಮಾಡಿದ ತಿದ್ದುಪಡಿ). ಎರಡು ವಾರ ಬರೆದರೆ ಮಷಿನ್‌ನ ಸ್ವಭಾವ ಕಣ್ಣಿಗೆ ಕಾಣುತ್ತದೆ. ಎಷ್ಟನೇ ಪೀಸಿಗೆ ಎಷ್ಟು ಆಫ್‌ಸೆಟ್ ಬೇಕು, ಇನ್ಸರ್ಟ್ ಎಷ್ಟನೆಯದಕ್ಕೆ ತಿರುಗಿಸಬೇಕು ಎಂದು ಮೊದಲೇ ಹೇಳಬಹುದು. ಸೀನಿಯರ್ ಸೆಟ್ಟರ್‌ಗಳು ಜೇಬಿನಲ್ಲಿಟ್ಟುಕೊಂಡು ಯಾರಿಗೂ ತೋರಿಸದ ಚೀಟಿಯಲ್ಲಿ ಇರುವುದೂ ಇದೇ.

ಅಳೆಯುವಾಗ ಪೀಸ್ ಬಿಸಿ ಇದ್ದರೆ ಅಳತೆ ಸುಳ್ಳು. ಸ್ಟೀಲ್ ಒಂದು ಮೀಟರಿಗೆ, ಒಂದು ಡಿಗ್ರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. 25 ಮಿ.ಮೀ. ಬೋರ್ 20 ಡಿಗ್ರಿ ಹೆಚ್ಚು ಬಿಸಿ ಇದ್ದರೆ 6 ಮೈಕ್ರಾನ್ ದೊಡ್ಡದಾಗಿ ಕಾಣುತ್ತದೆ. 21 ಮೈಕ್ರಾನ್ ಜಾಗದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಅಲ್ಲೇ ಹೋಯಿತು. ಅಲ್ಯೂಮಿನಿಯಂ ಆದರೆ ಇದರ ಎರಡರಷ್ಟು. ಬಿಸಿಯಲ್ಲಿ 25.003 ತೋರಿಸಿದ ಬೋರ್ ಇನ್ಸ್‌ಪೆಕ್ಷನ್ ಟೇಬಲ್ ತಲುಪುವಷ್ಟರಲ್ಲಿ ಗೋ ಗೇಜ್ (ಕನಿಷ್ಠ ಅಳತೆಯ ಗೇಜ್) ಹೋಗದ ಸ್ಥಿತಿಗೆ ಬರುತ್ತದೆ, ಇನ್ಸ್‌ಪೆಕ್ಟರ್ ಮೇಲೆ ಸುಮ್ಮನೆ ಕೂಗಾಟವಾಗುತ್ತದೆ.

ಇನ್ನೊಂದು ಮೋಸ ತೆಳು ಗೋಡೆಯ ಬುಶ್‌ಗಳಲ್ಲಿ. ಪೀಸ್ ಹಿಡಿಯುವ ಚಕ್‌ನ ಮೂರು ಜಾ (ಹಿಡಿತದ ಹಲ್ಲುಗಳು) ಗಟ್ಟಿಯಾಗಿ ಒತ್ತಿದಾಗ ಪೀಸ್ ಸ್ವಲ್ಪ ಮುಕ್ಕೋನವಾಗುತ್ತದೆ. ಆ ಸ್ಥಿತಿಯಲ್ಲಿ ಗುಂಡಗೆ ಬೋರ್ ಆಗುತ್ತದೆ. ಜಾ ಬಿಟ್ಟೊಡನೆ ಪೀಸ್ ತನ್ನ ಆಕಾರಕ್ಕೆ ಮರಳಿ ಬೋರ್ ಮುಕ್ಕೋನವಾಗುತ್ತದೆ. ಎರಡು ಬಿಂದುವಿನ ಬೋರ್ ಗೇಜ್‌ನಲ್ಲಿ ಇದು ಕಾಣುವುದೇ ಇಲ್ಲ, ಯಾವ ಕಡೆ ತಿರುಗಿಸಿದರೂ ವ್ಯಾಸ ಒಂದೇ ಬರುತ್ತದೆ. ಪ್ಲಗ್ ಗೇಜ್ ಮಾತ್ರ ಹೋಗುವುದಿಲ್ಲ. ‘ಗೇಜ್ ಸರಿ ಇಲ್ಲ’ ಎಂದು ಜಗಳಕ್ಕೆ ನಿಲ್ಲುವ ಮೊದಲು ಹೈಡ್ರಾಲಿಕ್ ಪ್ರೆಶರ್ ಇಳಿಸಿ ನೋಡಿ, ಅಗಲವಾದ ಸಾಫ್ಟ್ ಜಾ ಹಾಕಿಸಿ. ಸಾಫ್ಟ್ ಜಾಗಳನ್ನು ಪೀಸಿನ ವ್ಯಾಸಕ್ಕೇ, ರಿಂಗ್ ಹಿಡಿಸಿ ಒತ್ತಡ ಕೊಟ್ಟ ಸ್ಥಿತಿಯಲ್ಲೇ ಬೋರ್ ಮಾಡಬೇಕು. ಏನೂ ಹಿಡಿಯದ ಖಾಲಿ ಜಾ-ಗೆ ಬೋರ್ ಹೊಡೆದರೆ ಮಾಡಿದ್ದೂ ಒಂದೇ, ಬಿಟ್ಟದ್ದೂ ಒಂದೇ.

ವಾಹನ ಕಂಪನಿಗಳಿಗೆ ಹೋಗುವ ಪೀಸ್ ಆದರೆ ಸಿಪಿಕೆ ಎಂಬ ಮಾತು ಕಿವಿಗೆ ಬೀಳುತ್ತದೆ. ಅಳತೆಗಳ ಸರಾಸರಿಯಿಂದ ಹತ್ತಿರದ ಲಿಮಿಟ್‌ಗೆ ಇರುವ ದೂರವನ್ನು ಸಿಗ್ಮಾದ (ಅಳತೆಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬ ಅಂಕಿ) ಮೂರು ಪಟ್ಟಿನಿಂದ ಭಾಗಿಸಿದರೆ ಅದೇ ಸಿಪಿಕೆ. ಸಿಗ್ಮಾ 2 ಮೈಕ್ರಾನ್ ಇದ್ದು ಸರಾಸರಿ ಸರಿಯಾಗಿ ಮಧ್ಯದಲ್ಲಿ, 25.0105ರಲ್ಲಿ ನಿಂತರೆ 1.75. ಸಾಮಾನ್ಯವಾಗಿ ಕೇಳುವ 1.33ಕ್ಕೆ ಧಾರಾಳ. ಅದೇ ಮಷಿನ್, ಅದೇ ಟೂಲ್, ಸರಾಸರಿ ಮಾತ್ರ 25.016ಕ್ಕೆ ಜರುಗಿದರೆ 0.83ಕ್ಕೆ ಕುಸಿಯುತ್ತದೆ. ಅಳೆದ ಪೀಸೆಲ್ಲ ಓಕೆ ಇದ್ದೂ ಪ್ರೋಸೆಸ್ ಫೇಲ್! ‘ಲಿಮಿಟ್ ಒಳಗಿದೆಯಲ್ಲ’ ಎಂದು ಅಂಚಿನಲ್ಲಿ ಓಡಿಸುವ ಅಭ್ಯಾಸ ಬಿಡಬೇಕಾದದ್ದು ಇದಕ್ಕೇ.

ಹದಿಮೂರು ಸೆಕೆಂಡ್

ಹೊಸತನ ಅಂದರೆ ರೋಬೋ ತರಿಸುವುದು ಎಂದುಕೊಂಡವರು ಬಹಳ. ಮೇಲಿನ ಬುಶ್‌ನ ಸೈಕಲ್ 120 ಸೆಕೆಂಡ್ ಎಂದುಕೊಳ್ಳಿ. ಹತ್ತು ಸೈಕಲ್‌ಗೆ ಸ್ಟಾಪ್‌ವಾಚ್ ಹಿಡಿದು ಮೂರು ಭಾಗ ಮಾಡಿ: ಲೋಹ ಕತ್ತರಿಸುವ ಸಮಯ 78, ಟೂಲ್ ಗಾಳಿಯಲ್ಲಿ ಓಡಾಡುವ ಸಮಯ 20, ಪೀಸ್ ಹಾಕಿ ತೆಗೆಯುವುದಕ್ಕೆ 22. ಎಲ್ಲರೂ ಮೊದಲನೆಯದಕ್ಕೆ ಕೈ ಹಾಕುತ್ತಾರೆ. ಎರಡನೆಯದರಿಂದ ಶುರು ಮಾಡಿ, ಅದಕ್ಕೆ ಖರ್ಚಿಲ್ಲ.

ಪ್ರತಿ ಟೂಲ್ ಮುಗಿದಾಗಲೂ ಟರೆಟ್ (ಟೂಲ್‌ಗಳನ್ನು ಹೊತ್ತು ತಿರುಗುವ ಭಾಗ) ಹೋಮ್‌ಗೆ ಹೋಗಿ ತಿರುಗುತ್ತಿದೆಯೇ? 300 ಮಿ.ಮೀ. ಹೋಗಿ 300 ಬರುವುದಕ್ಕೆ, ನಿಮಿಷಕ್ಕೆ 20 ಮೀಟರ್ ರ‍್ಯಾಪಿಡ್‌ನಲ್ಲಿ 1.8 ಸೆಕೆಂಡ್. 100ರಲ್ಲೇ ತಿರುಗಿಸಿದರೆ 0.6. ನಾಲ್ಕು ಟೂಲ್‌ಗೆ ಸುಮಾರು 4.8 ಸೆಕೆಂಡ್ ಉಳಿತಾಯ. ಇಲ್ಲಿ ಅಪಾಯವೂ ಇದೆ: ಟರೆಟ್ ತಿರುಗುವಾಗ ಎಲ್ಲಕ್ಕಿಂತ ಉದ್ದದ ಟೂಲ್, ಹೆಚ್ಚಾಗಿ ಡ್ರಿಲ್ ಇಲ್ಲವೇ ಬೋರಿಂಗ್ ಬಾರ್, ಜಾ ಅಥವಾ ಜಾಬ್‌ಗೆ ಬಡಿಯಬಹುದು. ಆ ಟೂಲ್ ಎಷ್ಟು ಹೊರಚಾಚಿದೆ ಎಂದು ಸ್ಕೇಲ್ ಹಿಡಿದು ಅಳೆದು, ಅದಕ್ಕೆ ಕನಿಷ್ಠ 30 ಮಿ.ಮೀ. ಸೇರಿಸಿ ಜಾಗ ಗೊತ್ತು ಮಾಡಿ. ಮೊದಲ ಸಲ ಸಿಂಗಲ್ ಬ್ಲಾಕ್‌ನಲ್ಲಿ, ರ‍್ಯಾಪಿಡ್ ಓವರ್‌ರೈಡ್ 25 ಪ್ರತಿಶತಕ್ಕಿಳಿಸಿ, ಕೈ ಫೀಡ್ ಹೋಲ್ಡ್ ಮೇಲಿಟ್ಟು ಓಡಿಸಿ.

ಆಮೇಲೆ ಫಿನಿಶ್ ಪಾಸ್. 1400 ಆರ್‌ಪಿಎಂ, 0.15 ಫೀಡ್‌ನಲ್ಲಿ 60 ಮಿ.ಮೀ.ಗೆ 17 ಸೆಕೆಂಡ್ ಬೇಕು. ವೈಪರ್ ಇನ್ಸರ್ಟ್ ಹಾಕಿದರೆ ಅದರ ಮೂತಿಯ ಚಪ್ಪಟೆ ಅಂಚು ಗೆರೆಗಳನ್ನು ಉಜ್ಜಿಕೊಂಡು ಹೋಗುವುದರಿಂದ ಫೀಡ್ ಎರಡರಷ್ಟಾದರೂ ಫಿನಿಶ್ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. 0.3 ಫೀಡ್‌ಗೆ 8.6 ಸೆಕೆಂಡ್. ಆದರೆ ತೆಳು ಶಾಫ್ಟ್, ಉದ್ದದ ಓವರ್‌ಹ್ಯಾಂಗ್ ಇರುವಲ್ಲಿ ವೈಪರ್ ಕಿರುಚುತ್ತದೆ, ಚಾಟರ್ ಅಂದರೆ ಕಂಪನದ ಗುರುತು ಬೀಳುತ್ತದೆ; ಟೇಪರ್ ಮತ್ತು ರೇಡಿಯಸ್‌ಗಳಲ್ಲಿ ಅದರ ಲಾಭ ಸಿಗುವುದಿಲ್ಲ.

ಎರಡೂ ಸೇರಿ 13 ಸೆಕೆಂಡ್. 420 ನಿಮಿಷ ಕೆಲಸ ನಡೆಯುವ ಶಿಫ್ಟ್‌ನಲ್ಲಿ 210 ಪೀಸ್ ಇದ್ದದ್ದು 235. ತಿಂಗಳಿಗೆ 10,000 ಪೀಸ್ ಅಂದರೆ 36 ಗಂಟೆ ಮಷಿನ್ ಬಿಡುವು. ಗಂಟೆಯ ದರ ನಿಮ್ಮ ಶಾಪ್‌ನಲ್ಲಿ ಎಷ್ಟೆಂದು ಕೇಳಿ ತಿಳಿದುಕೊಳ್ಳಿ. 400 ರೂಪಾಯಿ ಎಂದು ಹಿಡಿದರೆ 14,400 ರೂಪಾಯಿ. ವೈಪರ್‌ಗೆ ಕೊಟ್ಟ ಹೆಚ್ಚಿನ ಬೆಲೆಯನ್ನು ಇದರಿಂದ ಕಳೆದು ಹೇಳಿ, ಮುಚ್ಚಿಡಬೇಡಿ. ಮಾಲೀಕರು ಆ ಪ್ರಶ್ನೆಯನ್ನೇ ಮೊದಲು ಕೇಳುವುದು.

ಈ ಗಡಿಬಿಡಿಯಲ್ಲಿ ಮರೆಯಬಾರದ ಒಂದು ಸಾಲಿದೆ. ಜಿ96 (ಕಟಿಂಗ್ ಸ್ಪೀಡ್ ಒಂದೇ ಇರುವಂತೆ ಆರ್‌ಪಿಎಂ ಬದಲಿಸುವ ಆದೇಶ) ಹಾಕಿ ಫೇಸಿಂಗ್, ಅಂದರೆ ಪೀಸಿನ ಮುಖ ಕತ್ತರಿಸುವ ಕೆಲಸ, ಮಾಡುವಾಗ ಟೂಲ್ ನಡುವಿಗೆ ಹೋದಂತೆ ಆರ್‌ಪಿಎಂ ಏರುತ್ತಲೇ ಹೋಗುತ್ತದೆ. ಫ್ಯಾನಕ್ ಕಂಟ್ರೋಲ್ ಇರುವ ಹೆಚ್ಚಿನ ಲೇತ್‌ಗಳಲ್ಲಿ ಜಿ50 ಜೊತೆ ಎಸ್ 2500 ಎಂಬಂತೆ ಮಿತಿ ಹಾಕದಿದ್ದರೆ ಮಷಿನ್ ತನ್ನ ಗರಿಷ್ಠ ವೇಗಕ್ಕೆ ಹೋಗಿಬಿಡುತ್ತದೆ. ಆ ವೇಗದಲ್ಲಿ ಚಕ್‌ನ ಜಾ-ಗಳು ಹೊರಕ್ಕೆ ಎಳೆಯಲ್ಪಟ್ಟು ಹಿಡಿತ ಸಡಿಲಾಗುತ್ತದೆ, ಪೀಸ್ ಹಾರುತ್ತದೆ. ಪ್ರೋಗ್ರಾಂ ತಿದ್ದಿದಾಗಲೆಲ್ಲ ಆ ಸಾಲು ಇದೆಯೇ ನೋಡಿ.

ಬದಲಾಯಿಸುವ ಕ್ರಮ

ಒಂದು ಸಲಕ್ಕೆ ಒಂದೇ ಬದಲಾವಣೆ. ಫೀಡ್, ಇನ್ಸರ್ಟ್, ಕೂಲಂಟ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಲಾಭವಾಯಿತು, ಯಾವುದು ಕೈಕೊಟ್ಟಿತು ಹೇಳಲಾಗದು. ಓಡುತ್ತಿರುವ ಪ್ರೋಗ್ರಾಂ ಮುಟ್ಟಬೇಡಿ. ಬೇರೆ ಓ ನಂಬರ್‌ನಲ್ಲಿ (ಪ್ರೋಗ್ರಾಂ ನಂಬರ್) ಕಾಪಿ ಮಾಡಿ ಅದನ್ನು ತಿದ್ದಿ. 50 ಪೀಸ್ ಟ್ರಯಲ್, ಐದಕ್ಕೊಂದು ಅಳತೆ, ಕೊನೆಗೆ ಇನ್ಸರ್ಟ್ ಅಂಚಿನ ಫೋಟೋ. ಐದೇ ಪೀಸ್ ನೋಡಿ ‘ಆಯಿತು ಸಾರ್’ ಎಂದರೆ ನೈಟ್ ಶಿಫ್ಟ್‌ನವರು ನಿಮ್ಮ ಹೆಸರು ಹಿಡಿದು ಬೈಯುತ್ತಾರೆ.

ಅದಕ್ಕೂ ಮೊದಲು ಕ್ವಾಲಿಟಿ ವಿಭಾಗದಲ್ಲಿ ಕೇಳಿ: ಈ ಪೀಸಿನ ಪ್ರೋಸೆಸ್‌ಗೆ ಗ್ರಾಹಕರ ಒಪ್ಪಿಗೆ ಆಗಿದೆಯೇ? ವಾಹನದ ಪೀಸಿಗೆ ಪಿಪಿಎಪಿ (ಪೀಸ್ ಮತ್ತು ಪ್ರೋಸೆಸ್‌ಗೆ ಗ್ರಾಹಕರ ವಿಧಿವತ್ತಾದ ಒಪ್ಪಿಗೆ) ಆಗಿದ್ದರೆ ಕೆಲವು ಬದಲಾವಣೆಗಳಿಗೆ ಮುಂಚೆಯೇ ತಿಳಿಸಬೇಕಾಗುತ್ತದೆ. ವಿಮಾನದ ಪೀಸ್ ಆದರೆ ಎಷ್ಟೋ ಸಲ ಪ್ರೋಸೆಸ್ ಫ್ರೀಜ್ ಆಗಿರುತ್ತದೆ, ಫೀಡ್ ಬದಲಿಸುವುದೂ ತಪ್ಪು. ಅಂಥ ಕಡೆ ಕೈಚಳಕವನ್ನು ಸೆಟ್ಟಿಂಗ್ ಸಮಯದ ಮೇಲೆ ತೋರಿಸಿ. ಮಷಿನ್ ನಿಂತಾಗ ಮಾಡುವ ಕೆಲಸಗಳನ್ನು ಬರೆಯಿರಿ. ಕೀ ಹುಡುಕುವುದು, ಗೇಜ್ ತರುವುದು, ಹೋಲ್ಡರ್‌ಗೆ ಇನ್ಸರ್ಟ್ ಕೂರಿಸುವುದು ಇವೆಲ್ಲ ಹಿಂದಿನ ಲಾಟ್ ಓಡುತ್ತಿರುವಾಗಲೇ ಆಗಬಹುದಾದವು.

ಉಲ್ಟಾ ಲೋಡ್ ಆಗುವ ಪೀಸ್‌ಗಳಿಗೆ ಬೋರ್ಡ್ ಬರೆದು ಹಾಕಿ ಪ್ರಯೋಜನವಿಲ್ಲ. ಚಾಂಫರ್ ಇರುವ ಬದಿ ಮಾತ್ರ ಒಳಗೆ ಕೂರುವಂತೆ ಸ್ಟಾಪರ್‌ಗೆ ಒಂದು ಮೆಟ್ಟಿಲು ಕೊಟ್ಟರೆ ಉಲ್ಟಾ ಹಾಕಿದ ಪೀಸ್ ಹೊರಗೇ ನಿಲ್ಲುತ್ತದೆ. ಜಪಾನಿನಲ್ಲಿ ಶಿಗೆಒ ಶಿಂಗೊ ಇಂಥ ಉಪಾಯಕ್ಕೆ ಮೊದಲು ‘ಬಾಕಾ-ಯೋಕೆ’ ಎನ್ನುತ್ತಿದ್ದರು, ಪೆದ್ದರ ತಪ್ಪು ತಡೆಯುವುದು ಎಂಬ ಅರ್ಥದಲ್ಲಿ. ಕೆಲಸಗಾರರಿಗೆ ನೋವಾಯಿತೆಂದು ‘ಪೋಕಾ-ಯೋಕೆ’ ಎಂದು ಬದಲಿಸಿದರು. ಪೋಕಾ ಅಂದರೆ ಕಣ್ತಪ್ಪು.

ಶಾಪ್‌ನ ಗೋಡೆಯಾಚೆ

ನಿಮ್ಮ ಪೀಸ್ ಎಂಜಿನ್‌ನದ್ದೋ ಬ್ರೇಕಿನದ್ದೋ ತಿಳಿದುಕೊಳ್ಳಿ. ವಿದ್ಯುತ್ ವಾಹನಕ್ಕೆ ಪಿಸ್ಟನ್, ವಾಲ್ವ್ ಬೇಕಿಲ್ಲ. ಬ್ರೇಕ್, ಸ್ಟೀರಿಂಗ್, ಸಸ್ಪೆನ್ಷನ್ ಬೇಕೇ ಬೇಕು, ಜೊತೆಗೆ ಮೋಟಾರ್ ಶಾಫ್ಟ್, ಅಲ್ಯೂಮಿನಿಯಂ ಹೌಸಿಂಗ್. ಬರೀ ಎಂಜಿನ್ ಪೀಸ್ ಮಾಡುವ ಶಾಪ್‌ನಲ್ಲಿದ್ದರೆ ಅಲ್ಯೂಮಿನಿಯಂ ಕೆಲಸ ಎಲ್ಲಿ ಸಿಕ್ಕರೂ ಕೈ ಹಾಕಿ.

ಜನವರಿಯಲ್ಲಿ ತುಮಕೂರು ರಸ್ತೆಯ ಬಿಐಇಸಿ ಪ್ರದರ್ಶನ ಕೇಂದ್ರದಲ್ಲಿ ಇಮ್ಟೆಕ್ಸ್ ಎಂಬ ಮಷಿನ್ ಟೂಲ್ ಪ್ರದರ್ಶನ ನಡೆಯುತ್ತದೆ. ಕಟಿಂಗ್ ಮಷಿನ್‌ಗಳದ್ದು ಬೆಸ ವರ್ಷಗಳಲ್ಲಿ, ಫಾರ್ಮಿಂಗ್‌ನದ್ದು ಸಮ ವರ್ಷಗಳಲ್ಲಿ. 2024ರ ನವೆಂಬರ್‌ನಿಂದ ಮೆಟ್ರೋ ಮಾದಾವರದವರೆಗೆ ಹೋಗುತ್ತದೆ, ಆದ್ದರಿಂದ ರಜೆ ಹಾಕುವುದೊಂದೇ ಕಷ್ಟ. ಬ್ಯಾಗ್ ತುಂಬ ಕ್ಯಾಟಲಾಗ್ ಹೊತ್ತು ತರುವುದಕ್ಕಿಂತ ಒಂದೇ ಪ್ರಶ್ನೆ ಇಟ್ಟುಕೊಂಡು ಹೋಗಿ, ಸವೆದ ಇನ್ಸರ್ಟ್ ಎರಡು ಜೇಬಿನಲ್ಲಿರಲಿ. ಟೂಲ್ ಕಂಪನಿಯ ಅಪ್ಲಿಕೇಷನ್ ಎಂಜಿನಿಯರ್‌ಗೆ ಅದನ್ನು ತೋರಿಸಿ, ಮೆಟೀರಿಯಲ್, ಸ್ಪೀಡ್, ಫೀಡ್, ಆಳ ಹೇಳಿದರೆ ಹತ್ತು ನಿಮಿಷದಲ್ಲಿ ಸಿಗುವ ಉತ್ತರ ಯಾವ ಕ್ಲಾಸಿನಲ್ಲೂ ಸಿಗದು. ಕ್ಲಾಸೇ ಬೇಕೆಂದರೆ ಜಿಟಿಟಿಸಿ, ಎನ್‌ಟಿಟಿಎಫ್, ಸಿಎಂಟಿಐ ಎಂಬ ತರಬೇತಿ ಸಂಸ್ಥೆಗಳ ಅಲ್ಪಾವಧಿ ಕೋರ್ಸ್ ನೋಡಿ. ಪ್ರೋಗ್ರಾಮಿಂಗ್‌ಗೆ ಮೊದಲು ಜಿಡಿ ಆ್ಯಂಡ್ ಟಿ (ಆಕಾರ, ಸ್ಥಾನಗಳ ಟಾಲರೆನ್ಸ್ ಹೇಳುವ ಡ್ರಾಯಿಂಗ್ ಚಿಹ್ನೆಗಳು) ಕಲಿಯಿರಿ. ಪ್ರೋಗ್ರಾಂ ಬರೆಯಲು ಈಗ ಸಾಫ್ಟ್‌ವೇರ್ ಇದೆ, ಡ್ರಾಯಿಂಗ್ ಓದಬಲ್ಲವರದ್ದೇ ಅಭಾವ.

ಮಾಡಿದ ಪ್ರತಿ ಬದಲಾವಣೆಗೂ ಒಂದು ಎ4 ಹಾಳೆ ಇಡಿ: ಮೊದಲು ಎಷ್ಟು, ಆಮೇಲೆ ಎಷ್ಟು, ಏನು ಬದಲಿಸಿದಿರಿ, ಏನು ಕೈಕೊಟ್ಟಿತು. ಸಂಬಳ ಏರಿಸಲು ಕೇಳುವ ದಿನ ‘ನಾಲ್ಕು ವರ್ಷ ಆಯಿತು ಸಾರ್’ ಎನ್ನುವ ಬದಲು ಈ ಹಾಳೆಗಳನ್ನು ಮೇಜಿನ ಮೇಲಿಡಿ. ಬೇರೆ ಕಡೆ ಟ್ರೇಡ್ ಟೆಸ್ಟ್‌ಗೆ ಹೋಗುವಾಗಲೂ ಅವು ಜೊತೆಗಿರಲಿ, ಆದರೆ ಪೀಸ್ ನಂಬರ್, ಗ್ರಾಹಕರ ಹೆಸರು ಇಲ್ಲದಂತೆ ಬರೆದ ಪ್ರತಿ ಮಾತ್ರ. ಮೊಬೈಲ್‌ನಲ್ಲಿ ಡ್ರಾಯಿಂಗ್ ಫೋಟೋ ಇದ್ದರೆ ಹೊರಡುವ ಮೊದಲೇ ಅಳಿಸಿಬಿಡಿ. ಹಳೆಯ ಕಂಪನಿಯ ಡ್ರಾಯಿಂಗ್ ತೋರಿಸಿದವನು ನಾಳೆ ನಮ್ಮದನ್ನೂ ಬೇರೆಯವರಿಗೆ ತೋರಿಸುತ್ತಾನೆ ಎಂದು ಎದುರು ಕೂತವರು ಅಲ್ಲೇ ಲೆಕ್ಕ ಹಾಕುತ್ತಾರೆ.